ಕ್ವಿಜ್‌ಗೆ ಆರಿಸಿದ ‘ಅಚ್ಚರಿ’ಗಳು: ಯಾರಾದರೂ ಆಕ್ಷೇಪ ಎತ್ತಿದರೆ ಯಾವುವು ನಿಲ್ಲುತ್ತವೆ?

ಪ್ರಶ್ನೆಪೆಟ್ಟಿಗೆ ಬರೆದದ್ದು:

ಸಾಮಾನ್ಯ ಜ್ಞಾನದ ಕ್ವಿಜ್‌ನಲ್ಲಿ ‘ನಂಬಿದರೆ ನಂಬಿ’ ಎಂಬ ಒಂದು ಸುತ್ತು ಇಡಬೇಕಿದೆ. ಎಲ್ಲ ಕಡೆ ಓಡಾಡುತ್ತಿರುವ ಏಳು ಸಂಗತಿಗಳನ್ನು ಗುರುತು ಹಾಕಿಕೊಂಡಿದ್ದೇನೆ:

1. ಜೇನುತುಪ್ಪ ಎಂದೂ ಕೆಡುವುದಿಲ್ಲ.
2. ಶುಕ್ರಗ್ರಹದ ಒಂದು ದಿನ ಅದರ ಒಂದು ವರ್ಷಕ್ಕಿಂತ ದೀರ್ಘ.
3. ಯಾವ ಕಾಗದವನ್ನೂ 7ಕ್ಕಿಂತ ಹೆಚ್ಚು ಸಲ ಮಡಚಲಾಗದು. 42 ಸಲ ಮಡಚಿದರೆ ಚಂದ್ರನನ್ನು ಮುಟ್ಟುತ್ತದೆ.
4. ಚೀನಾದ ಮಹಾಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುತ್ತದೆ.
5. ಬಾಳೆಹಣ್ಣು ಬೆರಿ, ಸ್ಟ್ರಾಬೆರಿ ಬೆರಿಯಲ್ಲ.
6. ಕ್ಲಿಯೋಪಾತ್ರಳ ಕಾಲ ಪಿರಮಿಡ್ ಕಟ್ಟಿದ ಕಾಲಕ್ಕಿಂತ ಮನುಷ್ಯ ಚಂದ್ರನ ಮೇಲಿಳಿದ ಕಾಲಕ್ಕೆ ಹತ್ತಿರ.
7. ತಣ್ಣೀರಿಗಿಂತ ಬಿಸಿನೀರು ಬೇಗ ಮಂಜುಗಡ್ಡೆಯಾಗುತ್ತದೆ.

ಸ್ಪರ್ಧಿಗಳಲ್ಲಿ ವಿಜ್ಞಾನದ ಮೇಷ್ಟ್ರುಗಳೂ ಇರುತ್ತಾರೆ, ಸುಮ್ಮನೆ ಬಿಡುವವರಲ್ಲ. ಯಾವುದನ್ನು ಕೈಬಿಡಬೇಕು, ಯಾವುದರ ಮಾತು ತಿದ್ದಬೇಕು? ಇನ್ನೊಂದು ವಿಷಯ: ಸಭೆಯ ಮುಂದೆಯೇ ಮಾಡಿ ತೋರಿಸಬಹುದಾದ್ದು ಏನಾದರೂ ಇದ್ದರೆ ಹೇಳಿ.

---

ಗ್ರಹಗತಿ ಬರೆದದ್ದು:

2 ಮತ್ತು 4 ನನ್ನ ಪಾಲಿಗೆ.

ಶುಕ್ರನ ಪ್ರಶ್ನೆಯನ್ನು ಈಗಿರುವ ಹಾಗೇ ಕೇಳಿದರೆ ಖಂಡಿತ ಜಗಳ. ‘ದಿನ’ ಅಂದರೆ ಯಾವ ದಿನ? ಶುಕ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ನಮ್ಮ ಲೆಕ್ಕದ 243 ದಿನ ಬೇಕು. ಸೂರ್ಯನನ್ನು ಒಂದು ಸುತ್ತು ಹಾಕಲು 224.7 ದಿನ ಸಾಕು. ಇಲ್ಲಿಗೆ ನಿಮ್ಮ ವಾಕ್ಯ ಸರಿ. ಆದರೆ ನಾವು ಬಳಕೆಯಲ್ಲಿ ದಿನ ಅನ್ನುವುದು ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗಿನ ಅವಧಿಗೆ. ಶುಕ್ರ ಉಳಿದ ಬಹುತೇಕ ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ ಎರಡು ಚಲನೆಗಳ ವೇಗವನ್ನು ಕೂಡಿಸಬೇಕಾಗುತ್ತದೆ:

1/243 + 1/224.7 = 1/116.75

ಅಂದರೆ ಅಲ್ಲಿ ಉದಯದಿಂದ ಉದಯಕ್ಕೆ ಸುಮಾರು 117 ದಿನ. ಒಂದು ಶುಕ್ರವರ್ಷದಲ್ಲಿ ಹೆಚ್ಚುಕಡಿಮೆ ಎರಡು ಸಲ ಬೆಳಗಾಗುತ್ತದೆ, ಅದೂ ಪಶ್ಚಿಮದಲ್ಲಿ. ಹಾಗಾಗಿ ‘ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಬೇಕಾದ ಕಾಲ’ ಎಂದು ಬರೆದರಷ್ಟೇ ಪ್ರಶ್ನೆ ಉಳಿಯುತ್ತದೆ.

ನನ್ನನ್ನು ಕೇಳಿದರೆ ಶುಕ್ರನನ್ನು ಬಿಟ್ಟು ಬುಧನನ್ನು ಹಿಡಿಯಿರಿ. ಬುಧ 58.65 ದಿನಕ್ಕೆ ಒಂದು ಸುತ್ತು ತಿರುಗುತ್ತದೆ, 87.97 ದಿನಕ್ಕೆ ಸೂರ್ಯನನ್ನು ಸುತ್ತಿ ಬರುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿ ನಡೆಯುವುದರಿಂದ ಇಲ್ಲಿ ಕಳೆಯಬೇಕು. ಕಳೆದರೆ ಉದಯದಿಂದ ಉದಯಕ್ಕೆ ಬರುವುದು 176 ದಿನ, ಸರಿಯಾಗಿ ಎರಡು ಬುಧವರ್ಷ! ‘ಯಾವ ಗ್ರಹದಲ್ಲಿ ಒಂದು ಸೂರ್ಯೋದಯದಿಂದ ಮುಂದಿನದಕ್ಕೆ ಎರಡು ವರ್ಷ ಕಾಯಬೇಕು?’ ಎಂದು ಕೇಳಿ. ಎಲ್ಲರೂ ಶುಕ್ರ ಅನ್ನುತ್ತಾರೆ. ಬುಧ ಯಾವಾಗಲೂ ಒಂದೇ ಮುಖವನ್ನು ಸೂರ್ಯನಿಗೆ ತೋರಿಸುತ್ತದೆ ಎಂದು 1965ರವರೆಗೆ ಖಗೋಳವಿಜ್ಞಾನಿಗಳೇ ನಂಬಿದ್ದರು. ಆ ವರ್ಷ ಪೋರ್ಟೊರಿಕೊದ ಅರೆಸಿಬೊ ವೀಕ್ಷಣಾಲಯದ ರೇಡಾರ್ ಅಳತೆಯಿಂದ ಆ ನಂಬಿಕೆ ಬಿತ್ತು. ಹಳೆಯ ಪಠ್ಯ ಓದಿದ ಮೇಷ್ಟ್ರು ಯಾರಾದರೂ ಆಕ್ಷೇಪಿಸಿದರೆ ಈ ಇಸವಿ ಕೈಯಲ್ಲಿರಲಿ.

ಮಹಾಗೋಡೆಯ ಮಾತು ಶುದ್ಧ ಸುಳ್ಳು. ಮನುಷ್ಯನ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ. ಹೀಗಾಗಿ ಒಂದು ವಸ್ತುವಿನ ಅಗಲದ 3,400 ಪಟ್ಟು ದೂರ ಹೋದರೆ ಅದು ಚುಕ್ಕಿಯಾಗುತ್ತದೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಅದನ್ನು ಭಾಗಿಸಿದರೆ ಅಲ್ಲಿಂದ ಕಾಣಲು ವಸ್ತು 110 ಕಿ.ಮೀ.ಗೂ ಹೆಚ್ಚು ಅಗಲವಿರಬೇಕು. ಗೋಡೆಯ ಅಗಲ ಹೆಚ್ಚಿನ ಕಡೆ ಕೆಲವೇ ಮೀಟರ್. 6 ಮೀಟರ್ ಅಂತಲೇ ಹಿಡಿಯಿರಿ: ಅದು ಒಂದು ತಲೆಗೂದಲನ್ನು ಮೂರೂಮುಕ್ಕಾಲು ಕಿಲೋಮೀಟರ್ ದೂರದಿಂದ ನೋಡಿದ ಹಾಗೆ.

‘ಉದ್ದ ಸಾವಿರಾರು ಕಿ.ಮೀ. ಇದೆಯಲ್ಲ’ ಎಂಬ ವಾದ ಬಂದೇ ಬರುತ್ತದೆ. ಉದ್ದನೆಯ ಗೆರೆ ತನ್ನ ಅಗಲಕ್ಕೆ ಮೀರಿ ಕಾಣುವುದು ನಿಜ, ಆಕಾಶದ ಎದುರಿಗೆ ವಿದ್ಯುತ್ ತಂತಿ ಕಾಣುವುದಿಲ್ಲವೇ. ಅದಕ್ಕೆ ಹಿನ್ನೆಲೆಯಿಂದ ಎದ್ದು ತೋರುವ ಬಣ್ಣ ಬೇಕು. ಗೋಡೆಯನ್ನು ಕಟ್ಟಿದ್ದು ಅಲ್ಲಿನದೇ ಮಣ್ಣು, ಕಲ್ಲುಗಳಿಂದ, ಬಣ್ಣ ನೆಲದ್ದೇ. 400 ಕಿ.ಮೀ. ಎತ್ತರದಿಂದಲೂ ಬರಿಗಣ್ಣಿಗೆ ಅದು ದಕ್ಕುವುದು ಕಷ್ಟ. 2003ರಲ್ಲಿ ಕಕ್ಷೆಗೆ ಹೋದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ತನಗೆ ಗೋಡೆ ಕಾಣಲಿಲ್ಲವೆಂದೇ ಹೇಳಿದರು. ತಮಾಷೆ ಏನೆಂದರೆ ಈ ಕಥೆ ರಾಕೆಟ್‌ಗಿಂತ ಹಳೆಯದು. ಇಂಗ್ಲೆಂಡಿನ ಪುರಾತನ ವಸ್ತುಗಳ ಅಧ್ಯಯನಕಾರ ವಿಲಿಯಂ ಸ್ಟಕ್ಲಿ 1754ರ ಪತ್ರವೊಂದರಲ್ಲೇ ಇಂಥದ್ದನ್ನು ಬರೆದಿದ್ದ. ಹೋಗಿ ನೋಡಿಬಂದವರು ಯಾರೂ ಇಲ್ಲದ ಕಾಲದಲ್ಲಿ ಹುಟ್ಟಿದ ಮಾತು. ‘ಸರಿಯೋ ತಪ್ಪೋ’ ಮಾದರಿಯ ಪ್ರಶ್ನೆಯಾಗಿ ಇಡಬಹುದು.

---

ಮಧುಕೋಶ ಬರೆದದ್ದು:

ಜೇನಿನ ವಾಕ್ಯದಲ್ಲಿ ‘ಎಂದೂ’ ಎಂಬುದೇ ಎಡವಟ್ಟು. ಜೇನು ಕೆಡುತ್ತದೆ, ಕೆಡಲು ಅದಕ್ಕೆ ನೀರು ಬೇಕು ಅಷ್ಟೇ.

ನೊಣಗಳು ತರುವ ಮಕರಂದದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಗೂಡಿನೊಳಗೆ ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ ಗಾಳಿಯಾಡಿಸಿ ಅದನ್ನು ಸುಮಾರು 18 ಶೇಕಡಕ್ಕೆ ಇಳಿಸಿದ ಮೇಲೆಯೇ ಎರಿಯ ಕೋಶಗಳಿಗೆ ಮೇಣದ ಮುಚ್ಚಳ ಹಾಕುತ್ತವೆ. ಉಳಿದದ್ದರಲ್ಲಿ ಬಹುಪಾಲು ಸಕ್ಕರೆ: ಫ್ರಕ್ಟೋಸ್ ಸುಮಾರು 38, ಗ್ಲೂಕೋಸ್ ಸುಮಾರು 31 ಶೇಕಡ. ಇಷ್ಟು ಸಕ್ಕರೆಗೆ ಇಷ್ಟೇ ನೀರು ಸಿಕ್ಕರೆ ನೀರೆಲ್ಲ ಸಕ್ಕರೆಗೇ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ಬಿದ್ದರೆ ಅದರ ಮೈಯ ನೀರನ್ನೇ ಜೇನು ಎಳೆದುಕೊಳ್ಳುತ್ತದೆ. ಇದು ಮೊದಲ ಕಾವಲು. ಎರಡನೆಯದು ಹುಳಿ: ಜೇನಿನ ಪಿಎಚ್ ಸರಾಸರಿ 3.9, ಸಿಹಿಯ ಅಡಿಯಲ್ಲಿ ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ಮೂರನೆಯದು ನೊಣ ಸೇರಿಸುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. ಅದು ಗ್ಲೂಕೋಸನ್ನು ಗ್ಲೂಕೋನಿಕ್ ಆಮ್ಲ ಮತ್ತು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾಡುತ್ತದೆ.

ಈಗ ಕೆಡುವ ದಾರಿಗಳು. ನೀರಿನಂಶ 20 ಶೇಕಡ ದಾಟಿದರೆ ಸಕ್ಕರೆಯನ್ನು ತಡೆದುಕೊಳ್ಳುವ ಜಾತಿಯ ಯೀಸ್ಟ್ ಎದ್ದು ಜೇನು ಹುಳಿಯುತ್ತದೆ: ನೊರೆ, ಹೆಂಡದ ವಾಸನೆ, ಉಬ್ಬಿದ ಮುಚ್ಚಳ. ನೀರು ಹೆಚ್ಚುವುದು ಹೇಗೆ? ಮುಚ್ಚಳ ಮುಚ್ಚದ ಹಸಿ ಎರಿಯನ್ನೇ ಹಿಂಡಿದರೆ, ಒದ್ದೆ ಚಮಚ ಅದ್ದಿದರೆ, ಅಥವಾ ತೇವದ ಹವೆಯಲ್ಲಿ ಬಾಟಲಿ ತೆರೆದಿಟ್ಟರೆ. ಗಾಳಿಯ ತೇವಾಂಶ ಸುಮಾರು 60 ಶೇಕಡ ಮೀರಿದರೆ ಜೇನು ಅದನ್ನು ಹೀರತೊಡಗುತ್ತದೆ. ಕುಟುಕದ ಪುಟ್ಟ ನೊಣಗಳ ಮಿಸ್ರಿ ಜೇನಿನಲ್ಲಿ ನೀರು ಮೊದಲಿಂದಲೇ 25 ಶೇಕಡದ ಆಚೀಚೆ ಇರುತ್ತದೆ, ಆದ್ದರಿಂದ ಅದು ಸಹಜವಾಗಿಯೇ ಹುಳಿ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ದಾರಿ ಹರಳುಗಟ್ಟುವುದು. ಹರಳುಗಟ್ಟಿದ ಜೇನು ಕಲಬೆರಕೆ ಅಲ್ಲ, ಕೆಟ್ಟದ್ದೂ ಅಲ್ಲ. ಹರಳಾಗುವುದು ಗ್ಲೂಕೋಸ್, ಸುಮಾರು 14 ಡಿಗ್ರಿಯಲ್ಲಿ ಇದು ಬಲು ಚುರುಕು. ಆದರೆ ಹರಳಿನೊಳಕ್ಕೆ ಸಕ್ಕರೆ ಹೋದಷ್ಟೂ ಹೊರಗೆ ಉಳಿದ ದ್ರವ ತೆಳ್ಳಗಾಗುತ್ತದೆ. ಇಡೀ ಬಾಟಲಿಯ ಸರಾಸರಿ 18 ಇದ್ದರೂ ಮೇಲಿನ ಪದರದಲ್ಲಿ ನೀರು 20ನ್ನು ದಾಟಿ ಅಲ್ಲಿಂದ ಹುಳಿಯಲು ಶುರುವಾಗಬಹುದು. ಕರಗಿಸಬೇಕೆಂದರೆ ಬಾಟಲಿಯನ್ನು 40 ಡಿಗ್ರಿಯ ನೀರಿನಲ್ಲಿ ನಿಲ್ಲಿಸಿ, ತಾಳ್ಮೆಯಿಂದ ಆಗಾಗ ಕದಡಿ. ಒಲೆಯ ಮೇಲಿಟ್ಟು ಕುದಿಸಿದರೆ ಕಿಣ್ವಗಳು ಸಾಯುತ್ತವೆ, ಬಣ್ಣ ಕಪ್ಪಾಗುತ್ತದೆ, ಎಚ್‌ಎಂಎಫ್ ಎಂಬ ಸಂಯುಕ್ತ ಏರುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಅದಕ್ಕೆ ಕಿಲೋಗೆ 40 ಮಿ.ಗ್ರಾಂ. ಮಿತಿ ಇಟ್ಟಿದೆ, ಉಷ್ಣವಲಯದ ಜೇನಿಗೆ 80.

ಈಜಿಪ್ಟಿನ ಸಮಾಧಿಯಲ್ಲಿ ಸಿಕ್ಕ ಮೂರು ಸಾವಿರ ವರ್ಷದ ಜೇನನ್ನು ತಿಂದ ಕಥೆಯನ್ನು ಪ್ರಶ್ನೆಗೆ ಸೇರಿಸಬೇಡಿ. ‘ಜೇನು ವರ್ಷಗಟ್ಟಲೆ ಕೆಡದಿರಲು ಅದರಲ್ಲಿ ಯಾವುದರ ಕೊರತೆ ಕಾರಣ?’ ಅನ್ನಿ. ಉತ್ತರ: ನೀರು. ವೇದಿಕೆಯ ಮೇಲೆ ಲೋಟದ ನೀರಿಗೆ ಜೇನು ಬಿಟ್ಟು ‘ತಳಕ್ಕಿಳಿದರೆ ಅಸಲಿ’ ಎಂದು ತೋರಿಸುವುದಂತೂ ಬೇಡವೇ ಬೇಡ. ದಪ್ಪಗೆ ಕಾಯಿಸಿದ ಸಕ್ಕರೆ ಪಾಕವೂ ಹಾಗೇ ಇಳಿಯುತ್ತದೆ. ಇನ್ನೊಂದು ಮಾತು ಸಭೆಯಲ್ಲಿ ಹೇಳಿಬಿಡಿ: ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಜೇನಿನಲ್ಲಿ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಕೂಸಿನ ಕರುಳಿನಲ್ಲಿ ಮೊಳೆಯಬಹುದು.

---

ಎರಡರ ಘಾತ ಬರೆದದ್ದು:

ಕಾಗದದ ಪ್ರಶ್ನೆಯಲ್ಲಿ ಎರಡನೇ ಅರ್ಧ ಸರಿ, ಮೊದಲರ್ಧ ತಪ್ಪು.

500 ಹಾಳೆಯ ಕಟ್ಟು ಸುಮಾರು 5 ಸೆಂ.ಮೀ. ದಪ್ಪ, ಅಂದರೆ ಹಾಳೆಗೆ 0.1 ಮಿ.ಮೀ. ಇದನ್ನು 42 ಸಲ ಇಮ್ಮಡಿಸಿದರೆ 4,39,804 ಕಿ.ಮೀ., ಚಂದ್ರನನ್ನು ದಾಟಿ ಹೋಗುತ್ತದೆ. 41ಕ್ಕೆ ನಿಲ್ಲಿಸಿದರೆ 2,19,902, ಅರ್ಧದಾರಿಗಿಂತ ಸ್ವಲ್ಪ ಮುಂದೆ. ಹೇಳದೆ ಬಿಡುವ ಭಾಗ ಇದು: ಎ4 ಹಾಳೆಯನ್ನೇ ಹಾಗೆ ಮಡಚಿದರೆ ಆ ಕಂಬದ ಅಗಲ ಸುಮಾರು 0.12 ಮೈಕ್ರೋಮೀಟರ್, ಬ್ಯಾಕ್ಟೀರಿಯಾಕ್ಕಿಂತ ತೆಳ್ಳಗೆ. ಕಾಗದ ಹೊಸದಾಗಿ ಹುಟ್ಟುವುದಿಲ್ಲವಲ್ಲ, ದಪ್ಪ ಎಷ್ಟು ಪಟ್ಟು ಹೆಚ್ಚಿತೋ ವಿಸ್ತೀರ್ಣ ಅಷ್ಟೇ ಪಟ್ಟು ಕುಗ್ಗುತ್ತದೆ.

7ರ ಮಿತಿಯನ್ನು ಅಮೆರಿಕದ ಶಾಲಾ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ 2002ರಲ್ಲೇ ಮುರಿದಳು. ಸುಮಾರು 1.2 ಕಿ.ಮೀ. ಉದ್ದದ ಟಾಯ್ಲೆಟ್ ಪೇಪರನ್ನು ಒಂದೇ ದಿಕ್ಕಿನಲ್ಲಿ 12 ಸಲ ಮಡಚಿದಳು. ಅದಕ್ಕಿಂತ ದೊಡ್ಡ ಕೆಲಸ ಅವಳು ಕೊಟ್ಟ ಸೂತ್ರ. ದಪ್ಪ t, ಮಡಿಕೆ n ಆದರೆ ಬೇಕಾಗುವ ಕನಿಷ್ಠ ಉದ್ದ:

(π × t ÷ 6) × (2ⁿ + 4) × (2ⁿ − 1)

ಮಡಚಿದಲ್ಲೆಲ್ಲ ಕಾಗದ ಅರ್ಧವೃತ್ತವಾಗಿ ಬಾಗಬೇಕು, ಆ ಬಾಗಿಗೆ ಒಂದಷ್ಟು ಕಾಗದ ಹೋಗುತ್ತದೆ. ದಪ್ಪ ಇಮ್ಮಡಿಸಿದಂತೆ ಬಾಗು ನುಂಗುವ ಪಾಲು ವಿಪರೀತ ಏರುತ್ತದೆ. ಕೊನೆಗೆ ಮಡಿಕೆಗೇ ಕಾಗದ ಮುಗಿದು ಎರಡು ಬದಿಗೆ ಏನೂ ಉಳಿಯುವುದಿಲ್ಲ. ನಾವು ಶಕ್ತಿ ಸಾಲದೆಂದು ಸೋಲುವುದಲ್ಲ.

0.1 ಮಿ.ಮೀ. ದಪ್ಪಕ್ಕೆ ಲೆಕ್ಕ ಹಾಕಿದರೆ: 6 ಮಡಿಕೆಗೆ 22.4 ಸೆಂ.ಮೀ., 7ಕ್ಕೆ 88 ಸೆಂ.ಮೀ., 8ಕ್ಕೆ ಮೂರೂವರೆ ಮೀಟರ್, 12ಕ್ಕೆ ಸುಮಾರು 880 ಮೀಟರ್. ಎ4 ಹಾಳೆಯ ಉದ್ದ 29.7 ಸೆಂ.ಮೀ. ಆದ್ದರಿಂದ ಒಂದೇ ದಿಕ್ಕಿನಲ್ಲಿ ಆರಕ್ಕೇ ಕೈಕಟ್ಟು. ಒಮ್ಮೆ ಅಡ್ಡ ಒಮ್ಮೆ ಉದ್ದ ಮಡಚುತ್ತ ಹೋದರೆ ಲೆಕ್ಕ ಬೇರೆ: 7ಕ್ಕೆ 16 ಸೆಂ.ಮೀ. ಚೌಕ ಸಾಕು, 8ಕ್ಕೆ 45 ಸೆಂ.ಮೀ. ಬೇಕು. ‘ಏಳು’ ಎಂಬ ಸಂಖ್ಯೆ ಹಬ್ಬಿದ್ದು ಈ ಎರಡನೇ ವಿಧಾನದಿಂದ ಇರಬೇಕು. ಇವು ಕಾಗದಕ್ಕಿರುವ ಕಟ್ಟಕಡೆಯ ಮಿತಿಗಳು, ಕೈಯಲ್ಲಿ ಮಡಚುವಾಗ ಅಂಚು ಓರೆಯಾಗಿ ಅದಕ್ಕೂ ಮೊದಲೇ ಸಿಕ್ಕಿಬೀಳುತ್ತೀರಿ.

ಸಭೆಯ ಮುಂದೆ ಮಾಡಲು ಕಾಗದಕ್ಕಿಂತ ಹುಟ್ಟುಹಬ್ಬ ಒಳ್ಳೆಯದು. 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ 50.7 ಶೇಕಡ. ಆದರೆ 23 ಜನರನ್ನು ಇಟ್ಟುಕೊಂಡು ತೋರಿಸಲು ಹೊರಟರೆ ಎರಡರಲ್ಲಿ ಒಂದು ಸಲ ಮುಖಭಂಗ. 40 ಜನರಿದ್ದರೆ 89, 50ಕ್ಕೆ 97, 57ಕ್ಕೆ 99 ಶೇಕಡ. 50 ಮಂದಿಯನ್ನಾದರೂ ಸೇರಿಸಿ. ಕ್ರಮ ಹೀಗೆ: ಅವಳಿಗಳಿದ್ದರೆ ಒಬ್ಬರನ್ನು ಬಿಡಿ, ಜನವರಿಯಿಂದ ತಿಂಗಳ ಪ್ರಕಾರ ನಿಲ್ಲಿಸಿ, ನಿಂತವರು ತಾರೀಖು ಮಾತ್ರ ಹೇಳಲಿ. ಎರಡು ನಿಮಿಷದ ಕೆಲಸ.

ಪ್ರಶ್ನೆಯ ಮಾತು ಮಾತ್ರ ಹುಷಾರು. ‘ಯಾರಾದರೂ ಇಬ್ಬರು’ ಎನ್ನುವುದಕ್ಕೂ ‘ನನ್ನ ಹುಟ್ಟುಹಬ್ಬದ ದಿನವೇ ಹುಟ್ಟಿದವರು’ ಎನ್ನುವುದಕ್ಕೂ ಅಜಗಜಾಂತರ. ಎರಡನೆಯದಕ್ಕೆ ಅರ್ಧದಷ್ಟು ಸಾಧ್ಯತೆ ಬರಲು ನಿಮ್ಮನ್ನು ಬಿಟ್ಟು 253 ಜನ ಬೇಕು. 23 ಜನರಲ್ಲಿ ಆಗುವ ಜೋಡಿಗಳೂ 23 × 22 ÷ 2 = 253. ಸಂಖ್ಯೆ ಸುಮ್ಮನೆ ಹೊಂದಿದ್ದಲ್ಲ, ಎರಡು ಕಡೆಯೂ 365ರಲ್ಲಿ ಒಂದರಂತೆ ಸುಮಾರು 253 ಸಲ ಅದೃಷ್ಟ ಪರೀಕ್ಷೆ ನಡೆಯುತ್ತದೆ.

---

ಪ್ರಶ್ನೆಪೆಟ್ಟಿಗೆ ಬರೆದದ್ದು:

ಹುಟ್ಟುಹಬ್ಬ ಖಾಯಂ. ಬುಧ ಕೂಡ. ಬೆರಿ ಮತ್ತು ಕ್ಲಿಯೋಪಾತ್ರ ಬಾಕಿ ಇವೆ. ಬೆರಿಯಂತೂ ಸರಿಯಿದೆ ಎಂದುಕೊಂಡಿದ್ದೇನೆ?

---

ತೊಟ್ಟು ಬರೆದದ್ದು:

ಸಸ್ಯಶಾಸ್ತ್ರದ ಪ್ರಕಾರ ಸರಿಯೇ. ಒಂದೇ ಅಂಡಾಶಯದಿಂದ ಬೆಳೆದು, ಗಟ್ಟಿ ಓಟೆಯಿಲ್ಲದೆ, ತಿರುಳಿನೊಳಗೇ ಬೀಜ ಇರುವ ಹಣ್ಣು ಬೆರಿ. ಬಾಳೆ, ಟೊಮೆಟೊ, ದ್ರಾಕ್ಷಿ, ಬದನೆ ಎಲ್ಲವೂ ಅದೇ ಗುಂಪು. ಸ್ಟ್ರಾಬೆರಿಯಲ್ಲಿ ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಊದಿಕೊಂಡದ್ದು, ಮೇಲೆ ಅಂಟಿದ ಕಾಳಿನಂಥವೇ ಒಂದೊಂದೂ ಒಂದು ಹಣ್ಣು.

ನನ್ನ ತಕರಾರು ಬೇರೆ. ಈ ಅಚ್ಚರಿ ಇಂಗ್ಲಿಷಿನದು. ಅಲ್ಲಿ ‘ಬೆರಿ’ ದಿನಬಳಕೆಯ ಮಾತೂ ಹೌದು, ಶಾಸ್ತ್ರದ ಮಾತೂ ಹೌದು, ಎರಡೂ ಡಿಕ್ಕಿ ಹೊಡೆದಾಗ ನಗು ಬರುತ್ತದೆ. ಕನ್ನಡದಲ್ಲಿ ಬಾಳೆಹಣ್ಣನ್ನು ಬೆರಿ ಎಂದರೆ ‘ಹಾಗಾದರೆ ಏನೀಗ?’ ಅನ್ನುತ್ತಾರೆ. ನಮ್ಮ ಮಾತಿನಲ್ಲೇ ಬೆಚ್ಚಿಬೀಳಿಸುವಂಥವು ಬೇಕಾದರೆ ಗೇರುಹಣ್ಣು ಹಿಡಿಯಿರಿ. ಹೆಸರಿನಲ್ಲೇ ‘ಹಣ್ಣು’ ಇದೆ, ಅದು ಹಣ್ಣಲ್ಲ, ಊದಿದ ತೊಟ್ಟು. ನಿಜವಾದ ಹಣ್ಣು ಕೆಳಗೆ ನೇತಾಡುವ ಬೀಜ ಅನ್ನುತ್ತೇವಲ್ಲ, ಅದು. ಗೋಡಂಬಿ ಅದರೊಳಗಿನ ಬೀಜ. ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ, ಹಸಿಯದನ್ನು ಸಭೆಯಲ್ಲಿ ಒಡೆದು ತೋರಿಸುವ ಸಾಹಸ ಬೇಡ.

ಅಥವಾ ಅತ್ತಿ. ಅತ್ತಿಮರ ಹೂ ಬಿಡುವುದಿಲ್ಲ ಅನ್ನುವವರಿದ್ದಾರೆ, ಅತ್ತಿಹಣ್ಣು ಬಿಚ್ಚಿದರೆ ಹುಳ ಎಂಬ ಮಾತೂ ಇದೆ. ಎರಡಕ್ಕೂ ಕಾರಣ ಒಂದೇ. ಅದು ಹಣ್ಣಿನಂತೆ ಕಾಣುವ ಹೂಗೊಂಚಲು, ನೂರಾರು ಪುಟ್ಟ ಹೂಗಳು ಒಳಮುಖವಾಗಿ ಅರಳಿರುತ್ತವೆ. ಒಳಗಿನ ‘ಹುಳ’ಗಳಲ್ಲಿ ಅತ್ತಿಯ ಕಣಜಗಳೇ ಮುಖ್ಯ. ತುದಿಯ ಸಣ್ಣ ಕಂಡಿಯಿಂದ ನುಗ್ಗುವ ಹೆಣ್ಣು ಪರಾಗ ತಂದು ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಅಲ್ಲೇ ಬೆಳೆಯುತ್ತವೆ. ಕಣಜ ಬಾರದಿದ್ದರೆ ಆ ಮರಕ್ಕೆ ಬೀಜವಿಲ್ಲ. ‘ಹೂವನ್ನು ಒಳಗೇ ಮುಚ್ಚಿಟ್ಟುಕೊಂಡಿರುವ ಹಣ್ಣು ಯಾವುದು?’ ಇದಕ್ಕೆ ಯಾರೂ ಆಕ್ಷೇಪ ಎತ್ತಲಾರರು.

---

ಕ್ರಿಸ್ತಪೂರ್ವ ಬರೆದದ್ದು:

ಕ್ಲಿಯೋಪಾತ್ರಳ ಪ್ರಶ್ನೆಗೆ ಒಂದು ಪದ ಸೇರಿಸಿ: ‘ಗೀಜಾದ ಮಹಾ ಪಿರಮಿಡ್’. ಬರೀ ‘ಪಿರಮಿಡ್’ ಎಂದರೆ ಬಿದ್ದಿರಿ. ಈಗಿನ ಸೂಡಾನಿನ ಮೆರೋಯಿಯಲ್ಲಿ ಕುಶ್ ರಾಜರು ಕ್ಲಿಯೋಪಾತ್ರಳ ಕಾಲದಲ್ಲೂ, ಆಮೇಲೂ ಪಿರಮಿಡ್ ಕಟ್ಟುತ್ತಲೇ ಇದ್ದರು.

ಲೆಕ್ಕ: ಮಹಾ ಪಿರಮಿಡ್ ಸುಮಾರು ಕ್ರಿ.ಪೂ. 2560. ಕ್ಲಿಯೋಪಾತ್ರ ಕ್ರಿ.ಪೂ. 69ರಿಂದ 30. ಪಿರಮಿಡ್‌ನಿಂದ ಅವಳ ಹುಟ್ಟಿಗೆ 2,491 ವರ್ಷ. ಹುಟ್ಟಿನಿಂದ 1969ಕ್ಕೆ 2,037. ಇಲ್ಲಿ 69 + 1969 ಎಂದು ಕೂಡಿ 2,038 ಬರೆಯುವುದು ಸಾಮಾನ್ಯ ತಪ್ಪು. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷ ಇಲ್ಲ, ಒಂದು ಕಳೆಯಬೇಕು. ಪಿರಮಿಡ್‌ನ ಕಾಲದಲ್ಲಿ ಕೆಲವು ದಶಕ ಆಚೀಚೆಯಾದರೂ 450 ವರ್ಷದ ಅಂತರ ಇರುವುದರಿಂದ ಉತ್ತರ ಅಲುಗಾಡುವುದಿಲ್ಲ. ಪ್ರಶ್ನೆಯಲ್ಲಿ ‘ಚಂದ್ರ’ದ ಬದಲು ‘ಇಂದು’ ಅಂತ ಹಾಕಿದರೂ 2423ರವರೆಗೆ ನಡೆಯುತ್ತದೆ.

ಇದೇ ಜಾತಿಯ ಇನ್ನೊಂದು: ಮಹಾ ಪಿರಮಿಡ್ ಮುಗಿದು ಶತಮಾನಗಳಾದ ಮೇಲೂ ಆರ್ಕ್ಟಿಕ್‌ನ ರ‍್ಯಾಂಗಲ್ ದ್ವೀಪದಲ್ಲಿ ಆನೆಯ ಬಳಗದ ಉಣ್ಣೆಯ ಮ್ಯಾಮತ್‌ಗಳು ಬದುಕಿದ್ದವು. ಕೊನೆಯವು ಅಳಿದದ್ದು ಸುಮಾರು 4,000 ವರ್ಷಗಳ ಹಿಂದೆ. ‘ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮೆಕ್ಸಿಕೊದ ಅಜ್ಟೆಕ್ ಜನರಿಗಿಂತ ಹಳೆಯದು’ ಎಂಬುದನ್ನೂ ಕೇಳುವವರಿದ್ದಾರೆ. ಅದನ್ನು ‘ಆಕ್ಸ್‌ಫರ್ಡ್‌ನಲ್ಲಿ ಪಾಠ ಶುರುವಾದದ್ದು (1096ರ ವೇಳೆಗೆ) ಅಜ್ಟೆಕರ ರಾಜಧಾನಿ ಟೆನೊಚ್‌ಟಿಟ್ಲಾನ್ ಸ್ಥಾಪನೆಗಿಂತ (1325) ಮೊದಲು’ ಎಂದು ಬಿಗಿಮಾಡಿ. ಒಂದು ಜನಾಂಗಕ್ಕೆ ಹುಟ್ಟಿದ ತಾರೀಖು ಇರುವುದಿಲ್ಲ.

---

ಗ್ರಹಗತಿ ಬರೆದದ್ದು:

7ನೆಯದನ್ನು, ಬಿಸಿನೀರಿನ ಮಾತನ್ನು, ಯಾರೂ ಮುಟ್ಟಿಲ್ಲ, ಮುಟ್ಟದಿರುವುದೇ ಲೇಸು. ತಾಂಜಾನಿಯಾದ ಶಾಲಾ ಹುಡುಗ ಎರಾಸ್ಟೊ ಎಂಪೆಂಬಾ 1963ರಲ್ಲಿ ಐಸ್‌ಕ್ರೀಂ ಮಾಡುವಾಗ ಗಮನಿಸಿದ್ದು, 1969ರಲ್ಲಿ ಭೌತವಿಜ್ಞಾನಿ ಡೆನಿಸ್ ಆಸ್ಬೋರ್ನ್ ಜೊತೆ ಪ್ರಕಟಿಸಿದ್ದು, ಇಷ್ಟು ನಿಜ. ಆದರೆ ಪರಿಣಾಮ ಎಲ್ಲ ಸಲವೂ ಬರುವುದಿಲ್ಲ. ಬಿಸಿ ಪಾತ್ರೆ ಫ್ರೀಜರಿನ ತಟ್ಟೆಯ ಮೇಲಿನ ಹಿಮದ ಪುಡಿಯನ್ನು ಕರಗಿಸಿ ತಣ್ಣನೆ ಲೋಹಕ್ಕೆ ನೇರ ಅಂಟಿಕೊಂಡರೆ ಬೇಗ ತಣಿಯುತ್ತದೆ. ಮುಚ್ಚಳವಿಲ್ಲದಿದ್ದರೆ ಬಿಸಿನೀರು ಆವಿಯಾಗಿ ಪ್ರಮಾಣವೇ ಕಡಿಮೆಯಾಗುತ್ತದೆ. ನೀರು ಸೊನ್ನೆಗಿಂತ ಕೆಳಗೆ ಹೋಗಿಯೂ ಗಟ್ಟಿಯಾಗದೆ ಉಳಿಯುವುದುಂಟು, ಅದು ಯಾವ ಪಾತ್ರೆಯಲ್ಲಿ ಎಷ್ಟು ಹೊತ್ತು ಎಂಬುದು ಅದೃಷ್ಟ. ‘ಬೇಗ’ ಅಂದರೆ ಸೊನ್ನೆ ಡಿಗ್ರಿ ಮುಟ್ಟಿದ್ದೋ, ಮೊದಲ ಹರಳು ಕಂಡದ್ದೋ, ಪೂರ್ತಿ ಗಡ್ಡೆಯಾದದ್ದೋ? ಒಬ್ಬೊಬ್ಬರು ಒಂದೊಂದನ್ನು ಅಳೆದಿದ್ದಾರೆ. 2016ರಲ್ಲಿ ಬರ‍್ರಿಜ್ ಮತ್ತು ಲಿಂಡನ್ ಎಂಬಿಬ್ಬರು ಸೊನ್ನೆ ಡಿಗ್ರಿಗೆ ತಣಿಯುವ ಕಾಲವನ್ನು ಜಾಗರೂಕತೆಯಿಂದ ಅಳೆದಾಗ ಪರಿಣಾಮ ಸಿಗಲೇ ಇಲ್ಲ. ಥರ್ಮಾಮೀಟರಿನ ತುದಿ ಒಂದು ಸೆಂ.ಮೀ. ಮೇಲೆಕೆಳಗಾದರೂ ಇಲ್ಲದ ಪರಿಣಾಮ ಇದ್ದಂತೆ ತೋರಬಹುದು ಎಂದರು.

ಕೇಳಲೇಬೇಕೆಂದಿದ್ದರೆ ‘ಈ ವಿದ್ಯಮಾನಕ್ಕೆ ಯಾವ ದೇಶದ ವಿದ್ಯಾರ್ಥಿಯ ಹೆಸರಿದೆ?’ ಎಂದು ಕೇಳಿ ತಾಂಜಾನಿಯಾಕ್ಕೆ ಅಂಕ ಕೊಡಿ. ಬಿಸಿನೀರು ಮೊದಲು ಗಟ್ಟಿಯಾಗುತ್ತದೋ ಇಲ್ಲವೋ ಎಂದು ತೀರ್ಪು ಕೊಡುವ ಗೋಜಿಗೆ ಹೋಗಬೇಡಿ.